ಅಭಿಪ್ರಾಯವಿದೆ, ಆಧಾರವಿಲ್ಲ: ಮಕ್ಕಳಿಗೆ ವಾದದ ಪ್ಯಾರಾ ಬರೆಯುವುದನ್ನು ಕಲಿಸುವುದು ಹೇಗೆ?

ನಗರ ಹೋಬಳಿಯ ಕನ್ನಡ ಶಿಕ್ಷಕಿ:

ಹೊಸನಗರ ತಾಲ್ಲೂಕಿನ ಪ್ರೌಢಶಾಲೆಯೊಂದರಲ್ಲಿ ಕನ್ನಡ ಪಾಠ ಮಾಡುತ್ತೇನೆ. ಒಂಬತ್ತನೆಯ ತರಗತಿಗೆ ‘ಭತ್ತದ ಗದ್ದೆಯನ್ನು ಅಡಿಕೆ ತೋಟ ಮಾಡುವುದು ಸರಿಯೇ?’ ಎಂಬ ಪ್ರಶ್ನೆ ಕೊಟ್ಟು, ನಿಮ್ಮ ನಿಲುವನ್ನು ಒಂದೇ ಪ್ಯಾರಾದಲ್ಲಿ ಸಮರ್ಥಿಸಿ ಎಂದು ಹೇಳಿದೆ. ನಮ್ಮ ಮಕ್ಕಳಿಗೆ ಇದು ಹೊರಗಿನ ವಿಷಯವಲ್ಲ. ಎಷ್ಟೋ ಮನೆಗಳಲ್ಲಿ ಅಪ್ಪ, ದೊಡ್ಡಪ್ಪಂದಿರ ನಡುವೆ ಈ ಮಾತು ಈಗಲೂ ನಡೆಯುತ್ತಿದೆ. ಬಾಯಿಮಾತಿನಲ್ಲಿ ಕೇಳಿದಾಗ ನಾಟಿಗೆ ಆಳು ಸಿಗುವುದಿಲ್ಲ, ಹಂದಿ ಬಂದು ಗದ್ದೆ ಹಾಳು ಮಾಡುತ್ತದೆ, ತೋಟ ಫಸಲಿಗೆ ಬರಲು ವರ್ಷಗಟ್ಟಲೆ ಕಾಯಬೇಕು ಎಂದು ಖಚಿತವಾಗಿ ವಾದಿಸಿದವರೇ ಪುಸ್ತಕದಲ್ಲಿ ಬರೆದದ್ದು ಇಂಥದ್ದು:

‘ಭತ್ತವು ನಮ್ಮ ಜೀವನಾಡಿಯಾಗಿದೆ. ರೈತನು ದೇಶದ ಬೆನ್ನೆಲುಬು. ಅನ್ನವಿಲ್ಲದೆ ಯಾರೂ ಬದುಕಲಾರರು. ಅಡಿಕೆಯೂ ಒಂದು ಮುಖ್ಯ ಬೆಳೆಯಾಗಿದೆ. ಆದರೆ ಇಂದಿನ ದಿನಗಳಲ್ಲಿ ಜನರು ಹಣದ ಆಸೆಗೆ ಬಲಿಯಾಗುತ್ತಿದ್ದಾರೆ. ಆದ್ದರಿಂದ ಎಲ್ಲರೂ ಭತ್ತವನ್ನೇ ಬೆಳೆಯಬೇಕು.’

ಇದರಲ್ಲಿ ಒಂದು ವಾಕ್ಯವೂ ಪಕ್ಕದ ವಾಕ್ಯಕ್ಕೆ ಹೆಗಲು ಕೊಡುವುದಿಲ್ಲ. ‘ಆದ್ದರಿಂದ’ ಎಂಬ ಮಾತು ಬಂದಿದೆ, ಆದರೆ ಯಾವುದರಿಂದ ಎಂಬುದಕ್ಕೆ ಉತ್ತರವಿಲ್ಲ. ಬಾಯಲ್ಲಿ ಇದ್ದ ಆಧಾರಗಳೆಲ್ಲ ಪೆನ್ನು ಹಿಡಿದ ಕೂಡಲೇ ಎಲ್ಲಿಗೆ ಹೋಗುತ್ತವೆ? ಇದನ್ನು ಕಲಿಸಿ ಗೆದ್ದವರು, ಕಲಿಸಲು ಯತ್ನಿಸುತ್ತಿರುವವರು ದಯವಿಟ್ಟು ಹೇಳಿ.

ವರದಾತೀರ:

ಮೇಡಂ, ನಾನು ಸಾಗರದ ಕಡೆಯ ನಿವೃತ್ತ ಮೇಷ್ಟ್ರು. ನಿಮ್ಮ ಪ್ರಶ್ನೆಗೆ ಉತ್ತರ ಗಾದೆ ವಿಸ್ತರಣೆಯಲ್ಲಿದೆ ಎಂದು ನನಗೆ ಬಲವಾಗಿ ಅನ್ನಿಸುತ್ತದೆ. ಐದನೆಯ ತರಗತಿಯಿಂದಲೇ ‘ಗಾದೆಗಳು ವೇದಕ್ಕೆ ಸಮಾನ’ ಎಂದು ಆರಂಭಿಸಿ, ಕೊಟ್ಟ ಮಾತನ್ನೇ ಬೇರೆ ಬೇರೆ ಪದಗಳಲ್ಲಿ ಹಿಗ್ಗಿಸುವುದನ್ನು ನಾವು ಬರವಣಿಗೆ ಎಂದು ಕಲಿಸುತ್ತೇವೆ. ಆ ಗಾದೆ ನಿಜವೇ, ಯಾವಾಗ ನಿಜ, ಯಾರ ಪಾಲಿಗೆ ನಿಜ ಎಂದು ಒಮ್ಮೆಯೂ ಕೇಳುವುದಿಲ್ಲ. ಹೀಗೆ ಬೆಳೆದ ಮಗುವಿಗೆ ಬರೆಯುವುದೆಂದರೆ ಮೊದಲೇ ತೀರ್ಮಾನವಾದ ಸತ್ಯವನ್ನು ಅಲಂಕರಿಸುವುದು. ಅಂಥ ಸತ್ಯಕ್ಕೆ ಆಧಾರ ಏಕೆ ಬೇಕು?

ನಾನು ಮಾಡುತ್ತಿದ್ದ ಒಂದು ಅಭ್ಯಾಸವನ್ನು ಹೇಳುತ್ತೇನೆ. ಒಂದಕ್ಕೊಂದು ಎದುರಾಗುವ ಎರಡು ಮಾತುಗಳನ್ನು ಹಲಗೆಯ ಮೇಲೆ ಬರೆಯುತ್ತಿದ್ದೆ: ಒಂದು ಕಡೆ ‘ಮಾತು ಬೆಳ್ಳಿ, ಮೌನ ಬಂಗಾರ’, ಇನ್ನೊಂದು ಕಡೆ ‘ಮೌನಂ ಸಮ್ಮತಿ ಲಕ್ಷಣಂ’. ಗ್ರಾಮಸಭೆಯಲ್ಲಿ ನಿಮ್ಮ ಕೇರಿಯ ರಸ್ತೆಯ ಹಣವನ್ನು ಬೇರೆ ಕಡೆಗೆ ತಿರುಗಿಸುವ ಮಾತು ಬಂದಾಗ ಇವೆರಡರಲ್ಲಿ ಯಾವುದನ್ನು ನಂಬಿ ಕುಳಿತಿರುತ್ತೀರಿ ಎಂದು ಕೇಳಿದರೆ, ಎರಡೂ ವೇದಕ್ಕೆ ಸಮಾನವಾಗಿರಲು ಸಾಧ್ಯವಿಲ್ಲವೆಂಬುದು ಅವರಿಗೇ ಹೊಳೆಯುತ್ತಿತ್ತು. ಆಯ್ಕೆ ಮಾಡಬೇಕಾದಾಗಲೇ ಕಾರಣ ಬೇಕಾಗುತ್ತದೆ.

ಮೌಲ್ಯಮಾಪಕ, ಶಿವಮೊಗ್ಗ:

ಮೇಷ್ಟ್ರೇ, ನಿಮ್ಮ ಮೇಲೆ ಗೌರವವಿಟ್ಟುಕೊಂಡೇ ಭಿನ್ನಾಭಿಪ್ರಾಯ ಹೇಳುತ್ತೇನೆ. ಎಸ್ಸೆಸ್ಸೆಲ್ಸಿ ಮೌಲ್ಯಮಾಪನಕ್ಕೆ ಕುಳಿತವರಿಗೆ ಗೊತ್ತು, ಗಾದೆಗೂ ಪ್ರಬಂಧಕ್ಕೂ ಇರುವುದು ಕೆಲವೇ ಅಂಕ, ಅದರಲ್ಲಿ ಪೀಠಿಕೆ, ವಿಷಯ ನಿರೂಪಣೆ, ಉಪಸಂಹಾರ ಇವೆಯೇ ಎಂದು ನೋಡುತ್ತೇವೆ. ಗಾದೆಯನ್ನು ಪ್ರಶ್ನಿಸಿ ಬರೆದ ಹುಡುಗನಿಗೆ ಯಾರೋ ಒಬ್ಬರು ಪೂರ್ತಿ ಅಂಕ ಕೊಟ್ಟಾರು, ಇನ್ನೊಬ್ಬರು ವಿಷಯ ಬಿಟ್ಟು ಹೋಗಿದ್ದಾನೆಂದು ಅಡ್ಡಗೆರೆ ಎಳೆದಾರು. ನಮ್ಮ ಪ್ರಯೋಗಕ್ಕೆ ಬಡ ಮಕ್ಕಳ ಅಂಕವನ್ನು ಪಣಕ್ಕಿಡಬಾರದು. ಚೌಕಟ್ಟು ಕಲಿಸುವುದು ಅಪರಾಧವಲ್ಲ.

ವರದಾತೀರ:

ಚೌಕಟ್ಟು ಬೇಡವೆಂದು ನಾನು ಹೇಳಲಿಲ್ಲ. ಪೀಠಿಕೆಗೂ ಉಪಸಂಹಾರಕ್ಕೂ ನಡುವೆ ಇರಬೇಕಾದದ್ದು ಏನು ಎಂಬುದನ್ನು ಕಲಿಸದೆ ಚೌಕಟ್ಟು ಮಾತ್ರ ಕಲಿಸುತ್ತಿದ್ದೇವೆ ಎಂದೆ. ಶಿಕ್ಷಕಿಯವರು ಕೊಟ್ಟ ಪ್ಯಾರಾದಲ್ಲಿ ನಿಮ್ಮ ಮೂರೂ ಭಾಗಗಳಿವೆ, ನೋಡಿ.

ಶಂಕರಘಟ್ಟದ ಓದುಗ:

ಈ ನಡುವಿನ ಭಾಗದ ಬಗ್ಗೆ ತರ್ಕಶಾಸ್ತ್ರಜ್ಞರು ಬಹಳ ಹಿಂದೆಯೇ ತಲೆ ಕೆಡಿಸಿಕೊಂಡಿದ್ದಾರೆ. ನಮ್ಮ ಪ್ರಾಚೀನ ತರ್ಕಶಾಸ್ತ್ರವಾದ ನ್ಯಾಯದರ್ಶನ ಹೇಳುವ ಐದು ಅವಯವಗಳನ್ನು ನೆನಪಿಸಿಕೊಳ್ಳಿ: ಪ್ರತಿಜ್ಞೆ (ಸಾಧಿಸಬೇಕಾದ ಮಾತು), ಹೇತು (ಕಾರಣ), ಉದಾಹರಣೆ, ಉಪನಯ (ಆ ಉದಾಹರಣೆಯನ್ನು ಈ ಸಂದರ್ಭಕ್ಕೆ ಅನ್ವಯಿಸುವುದು), ನಿಗಮನ (ತೀರ್ಮಾನ). ಬೆಟ್ಟದ ಮೇಲೆ ಬೆಂಕಿಯಿದೆ. ಏಕೆಂದರೆ ಅಲ್ಲಿ ಹೊಗೆಯಿದೆ. ಹೊಗೆಯಿರುವಲ್ಲೆಲ್ಲ ಬೆಂಕಿಯಿರುತ್ತದೆ, ಅಡುಗೆಮನೆಯಲ್ಲಿ ಕಂಡಂತೆ. ಈ ಬೆಟ್ಟದ ಮೇಲಿರುವುದೂ ಅಂಥದೇ ಹೊಗೆ. ಆದ್ದರಿಂದ ಬೆಟ್ಟದ ಮೇಲೆ ಬೆಂಕಿಯಿದೆ. ಶಿಕ್ಷಕಿಯವರ ವಿದ್ಯಾರ್ಥಿ ಪ್ರತಿಜ್ಞೆಯಿಂದ ನೇರವಾಗಿ ನಿಗಮನಕ್ಕೆ ಹಾರಿದ್ದಾನೆ. ನಡುವಿನ ಮೂರೂ ಕಾಣೆಯಾಗಿವೆ.

1958ರಲ್ಲಿ ಬ್ರಿಟನ್ನಿನ ತತ್ತ್ವಜ್ಞಾನಿ ಸ್ಟೀಫನ್ ಟೂಲ್ಮಿನ್ ಇದೇ ಪ್ರಶ್ನೆಯನ್ನು ಬೇರೆ ದಿಕ್ಕಿನಿಂದ ಎತ್ತಿಕೊಂಡ. ಅವನ ವಿಂಗಡಣೆಯಲ್ಲಿ ಹೇಳಿಕೆ ಇದೆ, ಅದಕ್ಕೆ ಆಧಾರವಿದೆ, ಈ ಆಧಾರದಿಂದ ಆ ಹೇಳಿಕೆಗೆ ಹೋಗಲು ಅನುಮತಿ ಕೊಡುವ ಒಂದು ನಿಯಮವಿದೆ, ಆ ನಿಯಮಕ್ಕೆ ಬೆನ್ನಾಸರೆ ಇದೆ. ಜೊತೆಗೆ ‘ಬಹುಮಟ್ಟಿಗೆ’, ‘ಸಾಮಾನ್ಯವಾಗಿ’ ಎಂಬಂಥ ಮಿತಿ ಮತ್ತು ‘ಹೀಗಿದ್ದರೆ ಮಾತ್ರ ಅನ್ವಯಿಸದು’ ಎಂಬ ಅಪವಾದ ಇವೆ. ಜಗತ್ತಿನ ಅನೇಕ ಕಡೆ ಶಾಲೆ ಕಾಲೇಜುಗಳಲ್ಲಿ ವಾದದ ಬರವಣಿಗೆಯನ್ನು ಕಲಿಸಲು ಈ ವಿಂಗಡಣೆಯನ್ನು ಬಳಸುತ್ತಾರೆ. ಮಕ್ಕಳಿಗೆ ಈ ಹೆಸರುಗಳ ಅಗತ್ಯವಿಲ್ಲ. ಆದರೆ ಕಲಿಸುವವರಿಗೆ ಒಂದು ಸಂಗತಿ ಗೊತ್ತಿರಬೇಕು: ಹೆಚ್ಚಿನ ಪ್ಯಾರಾಗಳು ಸೋಲುವುದು ಆಧಾರ ಇಲ್ಲದ್ದರಿಂದಲ್ಲ, ಆಧಾರವನ್ನೂ ಹೇಳಿಕೆಯನ್ನೂ ಬೆಸೆಯುವ ಆ ಮೂರನೆಯ ವಾಕ್ಯ ಇಲ್ಲದ್ದರಿಂದ.

ಆಗುಂಬೆ ಘಾಟಿ:

ಬೆಟ್ಟದ ಹೊಗೆಯ ಉದಾಹರಣೆಯನ್ನು ನಮ್ಮ ಊರಿನ ಮಕ್ಕಳಿಗೆ ಹೇಳಿದರೆ, ಅದು ಹೊಗೆಯೋ ಮಂಜೋ ಎಂದು ಮೊದಲು ಕೇಳುತ್ತಾರೆ.

ಶಂಕರಘಟ್ಟದ ಓದುಗ:

ಕೇಳಲೇಬೇಕು. ಆವಿಯನ್ನೋ ಮಂಜನ್ನೋ ಹೊಗೆಯೆಂದು ತಿಳಿದು ಬೆಂಕಿಯನ್ನು ಊಹಿಸುವುದನ್ನು ನೈಯಾಯಿಕರೂ ಕೆಟ್ಟ ಹೇತುವಿನ ಉದಾಹರಣೆಯಾಗಿಯೇ ಚರ್ಚಿಸಿದ್ದಾರೆ. ಹೇತುವೇ ಅಸಿದ್ಧವಾಗಿದ್ದರೆ ಮುಂದಿನ ತರ್ಕ ಎಷ್ಟು ಚೆನ್ನಾಗಿದ್ದರೂ ಪ್ರಯೋಜನವಿಲ್ಲ. ನಿಮ್ಮ ಮಕ್ಕಳು ಸರಿಯಾದ ಜಾಗದಲ್ಲೇ ಕೈ ಇಟ್ಟಿದ್ದಾರೆ.

ಸೊರಬದ ವಿಜ್ಞಾನ ಶಿಕ್ಷಕ:

ಬೆಸೆಯುವ ವಾಕ್ಯದ ಮಾತು ಬಂದದ್ದು ಒಳ್ಳೆಯದಾಯಿತು. ನಮ್ಮ ತಾಲ್ಲೂಕಿನದೇ ಉದಾಹರಣೆ ಕೊಡುತ್ತೇನೆ. ಮಂಗನ ಕಾಯಿಲೆಯನ್ನು ಮೊದಲು ಗುರುತಿಸಿದ್ದು 1957ರಲ್ಲಿ, ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ. ಕಾಡಿನಲ್ಲಿ ಮಂಗಗಳು ಸತ್ತು ಬಿದ್ದ ಸುದ್ದಿ ಬಂತೆಂದರೆ ಆ ಸುತ್ತಿನ ಜನರಿಗೂ ಜ್ವರ ಬರಬಹುದೆಂದು ಆರೋಗ್ಯ ಇಲಾಖೆ ಎಚ್ಚರಿಸುತ್ತದೆ. ಇದು ಮಕ್ಕಳಿಗೆ ಗೊತ್ತಿರುವ ಸಂಗತಿ. ಇದನ್ನೇ ಆಧಾರವಾಗಿಟ್ಟುಕೊಂಡು ಪ್ಯಾರಾ ಬರೆಯಲು ಹೇಳಿದರೆ ಬಹಳಷ್ಟು ಮಕ್ಕಳು, ‘ಮಂಗಗಳಿಂದ ರೋಗ ಬರುತ್ತದೆ, ಆದ್ದರಿಂದ ಮಂಗಗಳನ್ನು ಕೊಲ್ಲಬೇಕು’ ಎಂದು ಬರೆಯುತ್ತಾರೆ.

ಆಧಾರ ಸುಳ್ಳಲ್ಲ. ಆದರೆ ಅದನ್ನು ತೀರ್ಮಾನಕ್ಕೆ ಒಯ್ಯುವಾಗ ‘ಯಾವುದು ಮೊದಲು ಸಾಯುತ್ತದೋ ಅದೇ ರೋಗವನ್ನು ಕೊಡುತ್ತದೆ’ ಎಂಬ, ಬರೆಯದೇ ಉಳಿದ ಒಂದು ನಿಯಮವನ್ನು ಮಗು ಒಪ್ಪಿಕೊಂಡುಬಿಟ್ಟಿದೆ. ಈ ನಿಯಮವನ್ನು ವಾಕ್ಯವಾಗಿ ಬರೆಯಿಸಿ ನೋಡಿ, ಅದರ ದೋಷ ತಾನಾಗಿ ಕಾಣುತ್ತದೆ. ರೋಗವನ್ನು ಹರಡುವುದು ಉಣುಗು. ಅದು ಮಂಗಕ್ಕೂ ಕಚ್ಚುತ್ತದೆ, ಸೌದೆ ತರಲು, ದರಕು ಗುಡಿಸಲು ಕಾಡಿಗೆ ಹೋದ ಮನುಷ್ಯರಿಗೂ ಕಚ್ಚುತ್ತದೆ. ಮಂಗ ಸತ್ತು ಬಿದ್ದಾಗ ಅದರ ಮೈಮೇಲಿದ್ದ ಉಣುಗುಗಳು ಆ ಜಾಗದಲ್ಲೆಲ್ಲ ಉದುರುವುದರಿಂದ ಅಲ್ಲಿ ಅಪಾಯ ಹೆಚ್ಚುತ್ತದೆ. ಹಾಗಾಗಿ ಮಂಗವನ್ನು ಕೊಲ್ಲುವುದು ಉಪಾಯವಲ್ಲ, ಸತ್ತ ಮಂಗದ ಸುದ್ದಿಯನ್ನು ಕೂಡಲೇ ತಿಳಿಸುವುದು ಉಪಾಯ. ಅದೇ ಆಧಾರ, ಬೇರೆ ಬೆಸುಗೆ, ನೇರ ವಿರುದ್ಧವಾದ ತೀರ್ಮಾನ. 2019ರ ಆರಂಭದಲ್ಲಿ ಸಾಗರ ತಾಲ್ಲೂಕಿನ ಅರಳಗೋಡು ಸುತ್ತಮುತ್ತ ಈ ಕಾಯಿಲೆಯಿಂದ ಆದ ಸಾವುಗಳನ್ನು ಕಂಡವರಿಗೆ, ತಪ್ಪು ತೀರ್ಮಾನದ ಬೆಲೆ ಏನೆಂದು ವಿವರಿಸಬೇಕಾಗಿಲ್ಲ.

ನಗರ ಹೋಬಳಿಯ ಕನ್ನಡ ಶಿಕ್ಷಕಿ:

ಸರ್, ಇದನ್ನು ಹಾಗೆಯೇ ತರಗತಿಗೆ ತೆಗೆದುಕೊಂಡು ಹೋಗುತ್ತೇನೆ. ನನಗೆ ಈಗ ಕಾಣುತ್ತಿರುವುದು ಇದು: ‘ಆಧಾರ ಎಲ್ಲಿ?’ ಎಂದು ಪುಸ್ತಕದ ಅಂಚಿನಲ್ಲಿ ಕೆಂಪು ಶಾಯಿಯಲ್ಲಿ ಬರೆದರೆ ಸಾಲದು. ಆ ಪ್ರಶ್ನೆಗೆ ಒಬ್ಬ ಹುಡುಗ ‘ಇದು ನೂರಕ್ಕೆ ನೂರು ಸತ್ಯ’ ಎಂಬ ವಾಕ್ಯವನ್ನು ಸೇರಿಸಿಕೊಟ್ಟ. ಅವನು ಉಡಾಫೆಯಿಂದ ಹಾಗೆ ಬರೆಯಲಿಲ್ಲ. ಒತ್ತಿ ಹೇಳುವುದನ್ನೇ ಆಧಾರ ಕೊಡುವುದೆಂದು ಅವನು ತಿಳಿದಿದ್ದಾನೆ.

ಪಿಯು ಇಂಗ್ಲಿಷ್ ಉಪನ್ಯಾಸಕಿ:

ನಿಮ್ಮ ವಿದ್ಯಾರ್ಥಿಗಳೇ ಎರಡು ವರ್ಷದ ನಂತರ ನಮ್ಮಲ್ಲಿಗೆ ಬರುತ್ತಾರೆ, ಅಲ್ಲಿ ಇಂಗ್ಲಿಷಿನಲ್ಲಿಯೂ ಇದೇ ತೊಂದರೆ. ನಾನು ಒಂದು ನಿಯಮವನ್ನು ಪಟ್ಟಾಗಿ ಹಿಡಿದಿದ್ದೇನೆ: ಪ್ಯಾರಾದ ಮೊದಲ ವಾಕ್ಯದಲ್ಲೇ ನಿಲುವು ಬರಬೇಕು, ಉಳಿದ ಪ್ರತಿ ವಾಕ್ಯವೂ ಅದಕ್ಕೆ ದುಡಿಯಬೇಕು. ದುಡಿಯದ ವಾಕ್ಯವನ್ನು ಹೊಡೆದುಹಾಕುತ್ತೇನೆ. ಕನ್ನಡದಲ್ಲೂ ಇದನ್ನೇ ಮಾಡಿದರೆ ‘ರೈತನು ದೇಶದ ಬೆನ್ನೆಲುಬು’ ಎಂಬಂಥ ವಾಕ್ಯಗಳು ಮೊದಲ ಸುತ್ತಿನಲ್ಲೇ ಬಿದ್ದುಹೋಗುತ್ತವೆ.

ವರದಾತೀರ:

ಹೊಡೆದುಹಾಕುವ ಮಾತನ್ನು ಒಪ್ಪುತ್ತೇನೆ, ಮೊದಲ ವಾಕ್ಯದ ನಿಯಮವನ್ನು ಒಪ್ಪಲಾರೆ. ಕನ್ನಡದ ವಾಕ್ಯ ಕಾರಣವನ್ನು ಮುಂದಿಟ್ಟು ಕಾರ್ಯವನ್ನು ಕೊನೆಗೆ ಹೇಳುತ್ತದೆ: ‘ಆಳು ಸಿಗದಿದ್ದುದರಿಂದ ನಾಟಿ ತಡವಾಯಿತು.’ ನಮ್ಮ ಊರ ಪಂಚಾಯಿತಿಕೆಯಲ್ಲಿ ಹಿರಿಯರು ಮಾತನಾಡುವ ಬಗೆಯೂ ಅದೇ. ನಡೆದದ್ದನ್ನೆಲ್ಲ ಒಂದೊಂದಾಗಿ ಎದುರಿಗಿಟ್ಟು, ಎಲ್ಲರೂ ಹೌದೆಂದ ಮೇಲೆ, ‘ಹಾಗಾಗಿ ಹೀಗೆ ಮಾಡುವುದು ಒಳ್ಳೆಯದು’ ಎನ್ನುತ್ತಾರೆ. ನಿಲುವನ್ನು ಮೊದಲೇ ಘೋಷಿಸಿದರೆ ಎದುರಿನವನು ಅಲ್ಲೇ ಕಿವಿ ಮುಚ್ಚಿಕೊಳ್ಳುತ್ತಾನೆ.

ಪಿಯು ಇಂಗ್ಲಿಷ್ ಉಪನ್ಯಾಸಕಿ:

ಮೇಷ್ಟ್ರೇ, ಹಿರಿಯರಿಗೆ ಆ ಸಂಯಮವಿದೆ. ಹದಿನಾಲ್ಕರ ಹುಡುಗರು ಕಾರಣಗಳನ್ನು ಹೇಳುತ್ತಾ ಹೇಳುತ್ತಾ ಯಾವ ನಿಲುವಿಗೆ ಹೊರಟಿದ್ದೆವೆಂಬುದನ್ನೇ ಮರೆಯುತ್ತಾರೆ. ಮೊದಲೇ ಬರೆದಿಟ್ಟರೆ ಅದು ಅವರನ್ನು ಹಿಡಿದಿಡುತ್ತದೆ. ಓದುವವರಿಗಿಂತ ಬರೆಯುವವರಿಗಾಗಿ ಆ ನಿಯಮ.

ಮೌಲ್ಯಮಾಪಕ, ಶಿವಮೊಗ್ಗ:

ನೂರಾರು ಉತ್ತರ ಪತ್ರಿಕೆಗಳನ್ನು ತಿದ್ದುವವರ ದೃಷ್ಟಿಯಿಂದಲೂ ಮೇಡಂ ಹೇಳಿದ್ದೇ ಸರಿ. ನಿಲುವು ಮೊದಲೇ ಕಂಡರೆ ಮುಂದಿನದನ್ನು ಅದಕ್ಕೆ ಹೊಂದಿಸಿ ಓದಬಹುದು. ಕರಡಿನಲ್ಲಿ ಯಾವ ಕ್ರಮವಾದರೂ ಇರಲಿ, ಪರೀಕ್ಷೆಯಲ್ಲಿ ಮೊದಲೇ ಬರಲಿ.

ತೋಟದಮನೆ, ತೀರ್ಥಹಳ್ಳಿ:

ನಾನು ಶಿಕ್ಷಕನಲ್ಲ, ಅಡಿಕೆ ಬೆಳೆಗಾರ. ಮಗಳು ಹತ್ತನೆಯ ತರಗತಿಯಲ್ಲಿದ್ದಾಳೆ. ‘ಅಡಿಕೆ ಆರೋಗ್ಯಕ್ಕೆ ಹಾನಿಕರವೇ?’ ಎಂಬ ವಿಷಯಕ್ಕೆ ಅವಳು ಬರೆದ ಪ್ಯಾರಾವನ್ನು ಓದಿದೆ. ನಮ್ಮ ಅಜ್ಜ ಎಂಬತ್ತು ದಾಟಿದರೂ ಎಲೆಅಡಿಕೆ ಹಾಕುತ್ತಿದ್ದರು, ಶುಭಕಾರ್ಯಗಳಲ್ಲಿ ಅಡಿಕೆ ಬೇಕೇ ಬೇಕು, ಸಾವಿರಾರು ಕುಟುಂಬಗಳು ಇದರಿಂದ ಬದುಕುತ್ತಿವೆ, ಆದ್ದರಿಂದ ಅಡಿಕೆ ಹಾನಿಕರವಲ್ಲ ಎಂದು ಬರೆದಿದ್ದಳು. ನನಗೆ ಸಂತೋಷವೇ ಆಯಿತು. ಈ ಚರ್ಚೆಯನ್ನು ಓದಿದ ಮೇಲೆ ಆ ಪ್ಯಾರಾ ನಿಲ್ಲುತ್ತದೆಯೇ ಎಂಬ ಸಂಶಯ ಬಂದಿದೆ. ತಿಳಿದವರು ಹೇಳಿ.

ಸೊರಬದ ವಿಜ್ಞಾನ ಶಿಕ್ಷಕ:

ಕೇಳಿದ್ದಕ್ಕೆ ಧನ್ಯವಾದ, ನೇರವಾಗಿ ಹೇಳುತ್ತೇನೆ, ಬೇಸರ ಮಾಡಿಕೊಳ್ಳಬೇಡಿ. ಮೂರು ಆಧಾರಗಳಲ್ಲಿ ಎರಡು ಬೇರೆ ಪ್ರಶ್ನೆಗೆ ಸೇರಿದವು. ಶುಭಕಾರ್ಯದಲ್ಲಿ ಅಡಿಕೆಯ ಸ್ಥಾನ ಅದರ ಸಾಂಸ್ಕೃತಿಕ ಬೆಲೆಯನ್ನು ಹೇಳುತ್ತದೆ, ಕುಟುಂಬಗಳ ಲೆಕ್ಕ ಅದರ ಆರ್ಥಿಕ ಬೆಲೆಯನ್ನು ಹೇಳುತ್ತದೆ. ಜಗಿದರೆ ಬಾಯಿಗೆ ಏನಾಗುತ್ತದೆ ಎಂಬುದರ ಬಗ್ಗೆ ಎರಡೂ ಮೌನವಾಗಿವೆ. ಅಜ್ಜನ ಉದಾಹರಣೆ ಮಾತ್ರ ಆರೋಗ್ಯಕ್ಕೆ ಸಂಬಂಧಿಸಿದ್ದು, ಆದರೆ ಒಬ್ಬರಿಗೆ ಏನೂ ಆಗಲಿಲ್ಲ ಎಂಬುದರಿಂದ ಯಾರಿಗೂ ಏನೂ ಆಗದು ಎಂದು ಹೇಳಲಾಗದು.

ಎದುರು ಕಡೆಯ ಆಧಾರವನ್ನೂ ಅವಳು ನೋಡಬೇಕು. ವಿಶ್ವ ಆರೋಗ್ಯ ಸಂಸ್ಥೆಯ ಅಂಗವಾದ ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯು 2004ರ ತನ್ನ ವರದಿಯಲ್ಲಿ ಅಡಿಕೆಯನ್ನು ಮನುಷ್ಯರಲ್ಲಿ ಕ್ಯಾನ್ಸರ್ ಉಂಟುಮಾಡುವ ವಸ್ತುಗಳ ಮೊದಲನೆಯ ಗುಂಪಿಗೆ ಸೇರಿಸಿದೆ. ಇದನ್ನು ಕಾಣದವಳಂತೆ ಬರೆದರೆ ಅವಳ ವಾದ ಮೊದಲ ಪ್ರಶ್ನೆಗೇ ಕುಸಿಯುತ್ತದೆ.

ಕೊಡಚಾದ್ರಿ ತಪ್ಪಲು:

ಇದು ಅತಿಯಾಯಿತು. ಅಡಿಕೆಯ ಮೇಲೆಯೇ ನಿಂತಿರುವ ಮಲೆನಾಡಿನಲ್ಲಿ, ಬೆಳೆಗಾರರ ಮಕ್ಕಳ ಕೈಯಲ್ಲಿ ಅಡಿಕೆಯ ವಿರುದ್ಧ ಬರೆಸಬೇಕೇ? ಎಲೆಚುಕ್ಕಿ ರೋಗದಿಂದ ತೋಟಗಳು ಸೊರಗುತ್ತಿರುವಾಗ ಶಾಲೆಯೂ ಸೇರಿ ಹೆದರಿಸುವುದು ಬೇಡ.

ಶಂಕರಘಟ್ಟದ ಓದುಗ:

ಅಡಿಕೆಯ ವಿರುದ್ಧ ಬರೆಸಿ ಎಂದು ಯಾರೂ ಹೇಳಿಲ್ಲ. ಇಲ್ಲಿ ಎರಡು ಹೇಳಿಕೆಗಳು ಬೆರೆತುಹೋಗಿವೆ. ‘ಅಡಿಕೆ ಜಗಿಯುವುದು ಆರೋಗ್ಯಕ್ಕೆ ಹಾನಿಕರ’ ಎಂಬುದು ಒಂದು, ‘ಅಡಿಕೆ ಬೆಳೆಗಾರರನ್ನು ಸರ್ಕಾರ ಕೈಬಿಡಬಹುದು’ ಎಂಬುದು ಇನ್ನೊಂದು. ಮೊದಲನೆಯದನ್ನು ಒಪ್ಪಿದವರು ಎರಡನೆಯದನ್ನು ಒಪ್ಪಬೇಕಾಗಿಲ್ಲ. ನಡುವೆ ಪರ್ಯಾಯ ಬೆಳೆ, ಪರಿಹಾರ, ಬೇರೆ ಉಪಯೋಗಗಳ ಸಂಶೋಧನೆ ಎಂಬ ದೊಡ್ಡ ಬಯಲಿದೆ. ಬೆಳೆಗಾರರ ಮಗಳು ಈ ವ್ಯತ್ಯಾಸವನ್ನು ಬರೆಯಲು ಕಲಿತರೆ, ನಾಳೆ ಬೆಳೆಗಾರರ ಪರವಾಗಿ ಅವಳಷ್ಟು ಬಲವಾಗಿ ವಾದಿಸುವವರು ಇನ್ನೊಬ್ಬರು ಇರಲಾರರು.

ಇನ್ನೊಂದು ಮಾತು. ಆ ‘ಮೊದಲನೆಯ ಗುಂಪು’ ಎಂಬುದು ಪುರಾವೆ ಎಷ್ಟು ಗಟ್ಟಿಯಾಗಿದೆ ಎಂಬುದನ್ನು ಸೂಚಿಸುತ್ತದೆ, ಅಪಾಯ ಎಷ್ಟು ದೊಡ್ಡದು ಎಂಬುದನ್ನಲ್ಲ. ಒಂದೇ ಗುಂಪಿನಲ್ಲಿರುವ ಎರಡು ವಸ್ತುಗಳು ಸಮಾನವಾಗಿ ಅಪಾಯಕಾರಿ ಎಂದು ಬರೆದರೆ ಅದೂ ಆಧಾರವನ್ನು ಮೀರಿದ ತೀರ್ಮಾನವೇ. ಹುಡುಗಿ ಇದನ್ನು ನ್ಯಾಯವಾಗಿ ಎತ್ತಿ ಹೇಳಬಹುದು.

ತೋಟದಮನೆ, ತೀರ್ಥಹಳ್ಳಿ:

ಈ ಎರಡು ಹೇಳಿಕೆಗಳ ವಿಷಯ ನನಗೆ ಹಿಡಿಸಿತು. ತೋಟದಲ್ಲೂ ಇಂಥದ್ದು ನಡೆಯುತ್ತದೆ. ಬೋರ್ಡೋ ದ್ರಾವಣ ಹೊಡೆದರೂ ಕೊಳೆ ರೋಗ ಬಂತು, ಆದ್ದರಿಂದ ಬೋರ್ಡೋ ದಂಡ ಎನ್ನುವವರು ನಮ್ಮಲ್ಲಿ ಇದ್ದಾರೆ. ಹೊಡೆಯದ ಮರಗಳಲ್ಲಿ ಎಷ್ಟು ಉದುರಿತು ಎಂದು ಕೇಳಿದರೆ ನೋಡಿಲ್ಲ ಎನ್ನುತ್ತಾರೆ. ನೂರು ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ ಎಂಬ ಅಳತೆ ಸರಿಯಿತ್ತೇ, ಮಳೆ ಹಿಡಿಯುವ ಮೊದಲೇ ಹೊಡೆದಿರೋ ಎಂದರೆ ಅದೂ ನೆನಪಿಲ್ಲ. ಹೋಲಿಸಿ ನೋಡದೆ ತೀರ್ಮಾನ ಹೇಗೆ?

ಸೊರಬದ ವಿಜ್ಞಾನ ಶಿಕ್ಷಕ:

ನೀವು ಶಿಕ್ಷಕನಲ್ಲ ಎಂದಿರಿ. ಈ ಪ್ಯಾರಾವನ್ನು ನಾನು ತರಗತಿಯಲ್ಲಿ ಓದಿಸುತ್ತೇನೆ.

ಆಗುಂಬೆ ಘಾಟಿ:

ಹೋಲಿಕೆಯ ಮಾತು ಬಂದದ್ದರಿಂದ ಒಂದು ಸಣ್ಣ ಅಭ್ಯಾಸ ಸೂಚಿಸುತ್ತೇನೆ. ‘ಕರ್ನಾಟಕದಲ್ಲಿ ಅತಿ ಹೆಚ್ಚು ಮಳೆ ಬೀಳುವುದು ಆಗುಂಬೆಯಲ್ಲಿ’ ಎಂದು ನಮ್ಮವರೆಲ್ಲ ಬರೆಯುತ್ತಾರೆ. ಆಗುಂಬೆಯ ವಾರ್ಷಿಕ ಸರಾಸರಿ ಏಳು ಸಾವಿರ ಮಿಲಿಮೀಟರ್ ದಾಟುತ್ತದೆ ಎಂಬುದು ನಿಜ, ಆದರೆ ಹೊಸನಗರ ತಾಲ್ಲೂಕಿನ ಹುಲಿಕಲ್‌ನಲ್ಲಿ ಅದಕ್ಕಿಂತ ಹೆಚ್ಚು ಬಿದ್ದ ವರ್ಷಗಳೂ ಇವೆ. ‘ಅತಿ ಹೆಚ್ಚು’ ಎಂದರೆ ಒಂದು ದಿನದ್ದೋ, ಒಂದು ವರ್ಷದ್ದೋ, ಹಲವು ವರ್ಷಗಳ ಸರಾಸರಿಯೋ ಎಂದು ಮೊದಲು ಬರೆಯಿಸಿ. ಹೇಳಿಕೆಯನ್ನು ಬಿಗಿ ಮಾಡಿದರೆ ಯಾವ ಆಧಾರ ಹುಡುಕಬೇಕು ಎಂಬುದು ತಾನಾಗಿ ತಿಳಿಯುತ್ತದೆ.

ಮುಳುಗಡೆ ಮನೆತನ:

ನಾನು ಬೇರೆ ಬಗೆಯ ಆಧಾರದ ಬಗ್ಗೆ ಕೇಳಬೇಕು. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಆದಾಗ ನಮ್ಮ ಅಜ್ಜಿಯ ಊರು ಮುಳುಗಿತು. ನಮ್ಮ ಮಕ್ಕಳು ಶರಾವತಿಯ ಬಗ್ಗೆ ಬರೆಯುವಾಗ ಅವರ ಕೈಯಲ್ಲಿರುವ ಆಧಾರವೆಂದರೆ ಅಜ್ಜಿಯ ಮಾತು. ಹೊಸ ಜಾಗದಲ್ಲಿ ಎಷ್ಟು ವರ್ಷ ಗುಡಿಸಲಲ್ಲಿದ್ದರು, ಯಾವ ದೇವಸ್ಥಾನ ನೀರಿನಲ್ಲಿ ಹೋಯಿತು, ಇವೆಲ್ಲ ಯಾವ ಅಂಕಿಅಂಶದಲ್ಲೂ ಇಲ್ಲ. ಮೇಲೆ ಒಬ್ಬರು ತೀರ್ಥಹಳ್ಳಿಯ ಅಜ್ಜನ ಉದಾಹರಣೆಯನ್ನು ತಳ್ಳಿಹಾಕಿದರು. ನಮ್ಮ ಅಜ್ಜಿಯ ಮಾತನ್ನೂ ಹಾಗೆಯೇ ತಳ್ಳುತ್ತೀರಾ?

ನಗರ ಹೋಬಳಿಯ ಕನ್ನಡ ಶಿಕ್ಷಕಿ:

ಖಂಡಿತ ಇಲ್ಲ. ನಮ್ಮ ಶಾಲೆಯಲ್ಲೂ ಮುಳುಗಡೆಯ ಮನೆಗಳಿಂದ ಬರುವ ಮಕ್ಕಳಿದ್ದಾರೆ, ಅವರ ಬರವಣಿಗೆಯ ಜೀವವೇ ಆ ಮಾತುಗಳಲ್ಲಿದೆ. ಅಜ್ಜಿ ಕಂಡದ್ದಕ್ಕೆ ಅಜ್ಜಿಯೇ ಸಾಕ್ಷಿ, ಅದಕ್ಕಿಂತ ದೊಡ್ಡ ಸಾಕ್ಷಿ ಬೇಕಾಗಿಲ್ಲ. ‘ನಮ್ಮ ಅಜ್ಜಿಯ ಕುಟುಂಬ ಹೀಗೆ ಕಷ್ಟಪಟ್ಟಿತು’ ಎಂಬ ಹೇಳಿಕೆಗೆ ಅದು ಪೂರ್ಣ ಆಧಾರ. ‘ಮುಳುಗಡೆಯಾದ ಎಲ್ಲ ಕುಟುಂಬಗಳೂ ಹೀಗೆಯೇ ಕಷ್ಟಪಟ್ಟವು’ ಎಂದು ಬರೆಯಬೇಕಾದರೆ ಬೇರೆ ಮನೆಗಳಿಗೂ ಹೋಗಿ ಕೇಳಬೇಕು, ಹಳೆಯ ಕಾಗದಪತ್ರ ನೋಡಬೇಕು. ತೀರ್ಥಹಳ್ಳಿಯ ಅಜ್ಜನ ಮಾತಿನಲ್ಲಿ ದೋಷವಿರಲಿಲ್ಲ. ಅದರ ಮೇಲೆ ಹೇರಿದ ಭಾರ ಹೆಚ್ಚಾಗಿತ್ತು.

ಮುಳುಗಡೆ ಮನೆತನ:

ಸರಿ. ಹಾಗಾದರೆ ಮಕ್ಕಳನ್ನು ಆ ಮನೆಗಳಿಗೆ ಕಳಿಸಿ. ಹೇಳುವವರು ಇನ್ನೂ ಕೆಲವರಿದ್ದಾರೆ.

ಕೊಡಚಾದ್ರಿ ತಪ್ಪಲು:

ಶರಾವತಿಯ ಮಾತು ಬಂದಾಗ ಭೂಗತ ವಿದ್ಯುತ್ ಯೋಜನೆಯನ್ನೂ ಸೇರಿಸಿ. 2000 ಮೆಗಾವ್ಯಾಟ್ ವಿದ್ಯುತ್ ಸಿಗುತ್ತದೆ ಎಂದು ಪರವಾದವರು ಬರೆಯುತ್ತಾರೆ, ಸಿಂಗಳೀಕಗಳ ಕಾಡು ಹಾಳಾಗುತ್ತದೆ ಎಂದು ನಾವು ಬರೆಯುತ್ತೇವೆ. ಎರಡು ಕಡೆಯ ಮಾತೂ ಒಂದನ್ನೊಂದು ಮುಟ್ಟುವುದೇ ಇಲ್ಲ. ಚರ್ಚಾ ಸ್ಪರ್ಧೆಗಳಲ್ಲೂ ಇದೇ ಕಥೆ. ಪ್ರತಿಭಾ ಕಾರಂಜಿಯಲ್ಲಿ ಪರ, ವಿರೋಧ ಎಂದು ಮಕ್ಕಳನ್ನು ನಿಲ್ಲಿಸುತ್ತಾರೆ, ಇಬ್ಬರೂ ಬಾಯಿಪಾಠ ಒಪ್ಪಿಸಿ ಇಳಿಯುತ್ತಾರೆ, ಗಟ್ಟಿ ದನಿಯವರಿಗೆ ಬಹುಮಾನ.

ಶಂಕರಘಟ್ಟದ ಓದುಗ:

ಮುಟ್ಟಿಸುವುದು ಹೇಗೆಂದು ನಮ್ಮ ಶಾಸ್ತ್ರಕಾರರು ತೋರಿಸಿದ್ದಾರೆ. ಮೊದಲು ಪೂರ್ವಪಕ್ಷ, ಅಂದರೆ ಎದುರಾಳಿಯ ವಾದವನ್ನು ಅವನೇ ತಲೆದೂಗುವಷ್ಟು ನ್ಯಾಯವಾಗಿ ಮಂಡಿಸಬೇಕು, ಆಮೇಲೆ ಸಿದ್ಧಾಂತ, ಅಂದರೆ ಅದಕ್ಕೆ ಉತ್ತರವಾಗಿ ನಮ್ಮ ನಿಲುವು. ನೀವು ಕೊಟ್ಟ ಉದಾಹರಣೆಯಲ್ಲೇ ನೋಡಿ. ಈ ಯೋಜನೆಯಲ್ಲಿ ಬೇಡಿಕೆ ಕಡಿಮೆಯಿರುವ ಹೊತ್ತಿನಲ್ಲಿ ಉಳಿಕೆ ವಿದ್ಯುತ್ ಬಳಸಿ ಕೆಳಗಿನ ಗೇರುಸೊಪ್ಪೆ ಜಲಾಶಯದ ನೀರನ್ನು ಮೇಲಿನ ತಳಕಳಲೆ ಜಲಾಶಯಕ್ಕೆ ಎತ್ತಿ, ಬೇಡಿಕೆ ಏರಿದಾಗ ಕೆಳಗೆ ಬಿಟ್ಟು ವಿದ್ಯುತ್ ಪಡೆಯುವ ಉದ್ದೇಶವಿದೆ. ಎತ್ತಲು ತಗಲುವ ವಿದ್ಯುತ್ ಮರಳಿ ಸಿಗುವುದಕ್ಕಿಂತ ಹೆಚ್ಚು. ಹಾಗಾಗಿ 2000 ಮೆಗಾವ್ಯಾಟ್ ಎಂಬ ಸಂಖ್ಯೆಯಿಂದ ‘ರಾಜ್ಯಕ್ಕೆ ಅಷ್ಟು ಹೊಸ ವಿದ್ಯುತ್ ಸಿಗುತ್ತದೆ’ ಎಂಬುದು ಹೊರಡುವುದಿಲ್ಲ, ‘ಬೇಡಿಕೆ ಏರಿದ ಹೊತ್ತಿಗೆ ಅಷ್ಟು ಸಾಮರ್ಥ್ಯ ಒದಗುತ್ತದೆ’ ಎಂಬುದು ಹೊರಡುತ್ತದೆ. ಸೌರ ವಿದ್ಯುತ್ತು ಹಗಲಿಗೆ ಸೀಮಿತವಾಗಿರುವುದರಿಂದ ಸಂಗ್ರಹ ಬೇಕು ಎಂಬುದು ಪರವಾದಿಗಳ ಅತ್ಯಂತ ಬಲವಾದ ಮಾತು. ಅದನ್ನು ಬರೆದು, ಆ ಸಂಗ್ರಹಕ್ಕೆ ಇದೇ ಕಣಿವೆ ಏಕೆ ಎಂದು ಕೇಳುವ ವಿದ್ಯಾರ್ಥಿಯ ಪ್ಯಾರಾ ಎದುರಾಳಿಯನ್ನು ಮುಟ್ಟುತ್ತದೆ.

ಕೊಡಚಾದ್ರಿ ತಪ್ಪಲು:

ಎದುರಾಳಿಗೆ ನಾವೇ ಅಸ್ತ್ರ ಕೊಟ್ಟಂತಾಗುವುದಿಲ್ಲವೇ?

ಶಂಕರಘಟ್ಟದ ಓದುಗ:

ಆ ಅಸ್ತ್ರ ಅವನ ಬಳಿ ಈಗಾಗಲೇ ಇದೆ. ನಿಮ್ಮ ಓದುಗನಿಗೆ ಅದು ಮೊದಲು ಅವನಿಂದ ತಿಳಿಯಬೇಕೋ, ಉತ್ತರದ ಸಮೇತ ನಿಮ್ಮಿಂದ ತಿಳಿಯಬೇಕೋ ಎಂಬುದಷ್ಟೇ ಪ್ರಶ್ನೆ.

ನಗರ ಹೋಬಳಿಯ ಕನ್ನಡ ಶಿಕ್ಷಕಿ:

ಎಲ್ಲರ ಸಲಹೆಗಳನ್ನು ಇಟ್ಟುಕೊಂಡು ಮತ್ತೆ ಪ್ರಯತ್ನಿಸಿದೆ. ಮಕ್ಕಳಿಗೆ ಎರಡೇ ಪ್ರಶ್ನೆ ಕೊಟ್ಟೆ: ‘ನಿನಗೆ ಹೇಗೆ ಗೊತ್ತು?’, ‘ಅದು ನಿಜವಾದರೆ ಅದರಿಂದ ಏನಾಯಿತು?’ ಮೊದಲು ಬಾಯಲ್ಲಿ ವಾದಿಸಿ, ಪಕ್ಕದವರು ಆ ಪ್ರಶ್ನೆಗಳನ್ನು ಕೇಳಿ, ಬಂದ ಉತ್ತರವನ್ನು ಹೇಳಿದವರೇ ಬರೆದುಕೊಳ್ಳಬೇಕು. ಅದೇ ಭತ್ತದ ಪ್ಯಾರಾ ಬರೆದಿದ್ದ ಹುಡುಗಿ ಈಗ ಬರೆದದ್ದು ಇದು:

‘ನೀರು ನಿಲ್ಲುವ ಗದ್ದೆಯನ್ನು ಅವಸರದಲ್ಲಿ ಅಡಿಕೆ ತೋಟ ಮಾಡಬಾರದು ಎಂಬುದು ನನ್ನ ಅಭಿಪ್ರಾಯ. ಅಡಿಕೆ ಸಸಿ ಫಸಲು ಕೊಡಲು ಐದರಿಂದ ಏಳು ವರ್ಷ ಬೇಕು ಎಂದು ನಮ್ಮ ತಂದೆಯೂ ತೋಟಗಾರಿಕೆ ಇಲಾಖೆಯವರೂ ಹೇಳಿದರು. ಅಷ್ಟು ವರ್ಷ ಆ ಜಾಗದಿಂದ ಅಕ್ಕಿಯೂ ಬರುವುದಿಲ್ಲ, ಅಡಿಕೆಯೂ ಬರುವುದಿಲ್ಲ; ಬೇರೆ ಆದಾಯವಿಲ್ಲದ ಮನೆಯವರು ಸಾಲ ಮಾಡಬೇಕಾಗುತ್ತದೆ. ಗದ್ದೆಯಲ್ಲಿ ಬಸಿಗಾಲುವೆ ಆಳವಾಗಿ ತೆಗೆಯದಿದ್ದರೆ ಬೇರು ಕೊಳೆಯುತ್ತದೆ, ನಮ್ಮ ಪಕ್ಕದ ಮನೆಯ ತೋಟದಲ್ಲಿ ಹಾಗಾದದ್ದನ್ನು ನಾನು ನೋಡಿದ್ದೇನೆ. ನಾಟಿಗೆ ಆಳು ಸಿಗದಿರುವುದರಿಂದ ಗದ್ದೆ ಮಾಡುವುದು ಕಷ್ಟ ಎಂದು ತೋಟ ಮಾಡುವವರು ಹೇಳುತ್ತಾರೆ, ಅದು ನಿಜ. ಆದರೆ ಆಳಿನ ತೊಂದರೆ ಅಡಿಕೆ ಗೊನೆ ಇಳಿಸುವ ಕೊನೆಕೊಯ್ಲಿಗೂ ಔಷಧಿ ಹೊಡೆಯುವುದಕ್ಕೂ ಇದೆ, ಆದ್ದರಿಂದ ತೋಟ ಮಾಡಿದರೆ ಆ ತೊಂದರೆ ತಪ್ಪುವುದಿಲ್ಲ.’

ವರದಾತೀರ:

‘ನೀರು ನಿಲ್ಲುವ’, ‘ಅವಸರದಲ್ಲಿ’ ಎಂಬ ಎರಡು ಮಾತುಗಳನ್ನು ಸೇರಿಸಿದ್ದಾಳಲ್ಲ, ಅಲ್ಲಿಗೇ ಅವಳು ಯೋಚಿಸಿದ್ದಾಳೆಂದು ತಿಳಿಯುತ್ತದೆ. ತನ್ನ ಮಾತಿಗೆ ತಾನೇ ಬೇಲಿ ಹಾಕಿಕೊಳ್ಳುವುದು ದೊಡ್ಡವರಿಗೂ ಸುಲಭವಲ್ಲ. ಮಗುವಿಗೆ ನನ್ನ ಆಶೀರ್ವಾದ ತಿಳಿಸಿ.

ಮೌಲ್ಯಮಾಪಕ, ಶಿವಮೊಗ್ಗ:

ಈ ಪ್ಯಾರಾ ಪರೀಕ್ಷೆಯಲ್ಲಿ ಬಂದರೆ ನಾನು ಒಂದು ಅಂಕವನ್ನೂ ಕಳೆಯುವುದಿಲ್ಲ, ನನ್ನ ಜೊತೆ ಕೂರುವ ಯಾರೂ ಕಳೆಯಲಾರರು ಎಂದುಕೊಂಡಿದ್ದೇನೆ. ನಿಲುವು ಮೊದಲಿದೆ, ವಿಷಯ ಬಿಟ್ಟು ಹೋಗಿಲ್ಲ. ಆದರೆ ಮೇಡಂ, ನಲವತ್ತು ಪುಸ್ತಕಗಳನ್ನು ಹೀಗೆ ತಿದ್ದಲು ಸಮಯ ಎಲ್ಲಿಂದ ತರುತ್ತೀರಿ? ಎಫ್‌ಎ, ಎಸ್‌ಎ (ರೂಪಣಾತ್ಮಕ, ಸಂಕಲನಾತ್ಮಕ ಮೌಲ್ಯಮಾಪನ) ದಾಖಲೆಗಳ ನಡುವೆ ಇದು ಹೇಗೆ ಸಾಧ್ಯ?

ಪಿಯು ಇಂಗ್ಲಿಷ್ ಉಪನ್ಯಾಸಕಿ:

ಎಲ್ಲವನ್ನೂ ತಿದ್ದಬೇಡಿ. ಒಂದು ವಾರ ಬೆಸೆಯುವ ವಾಕ್ಯವನ್ನು ಮಾತ್ರ ನೋಡಿ, ಕಾಗುಣಿತವನ್ನು ಮುಟ್ಟಬೇಡಿ. ಮಕ್ಕಳೇ ಆ ವಾಕ್ಯದ ಕೆಳಗೆ ಗೆರೆ ಎಳೆದು ಕೊಡಲಿ. ಗೆರೆ ಎಳೆಯಲು ವಾಕ್ಯವೇ ಸಿಗದವರು ಬರೆದು ಸೇರಿಸಿಯೇ ಪುಸ್ತಕ ಕೊಡುತ್ತಾರೆ. ತಿದ್ದುವ ಕೆಲಸದ ಅರ್ಧ ಅಲ್ಲಿಗೆ ಮುಗಿಯುತ್ತದೆ.

ಸೊರಬದ ವಿಜ್ಞಾನ ಶಿಕ್ಷಕ:

ಹುಡುಗಿಯ ಪ್ಯಾರಾದಲ್ಲಿ ಒಂದೇ ಒಂದು ಕೊರತೆ ಕಾಣುತ್ತದೆ. ತೋಟ ಮಾಡುವವರ ಅತ್ಯಂತ ಬಲವಾದ ವಾದ ಆಳಿನದಲ್ಲ, ಬೆಲೆಯದು: ಕಾದ ವರ್ಷಗಳ ನಷ್ಟವನ್ನು ಅಡಿಕೆಯ ಬೆಲೆ ಆಮೇಲೆ ತುಂಬಿಕೊಡುತ್ತದೆ ಎಂದು ಅವರು ಹೇಳುತ್ತಾರೆ. ಅದಕ್ಕೆ ಅವಳು ಉತ್ತರ ಹುಡುಕಲಿ. ಉತ್ತರ ಸಿಗದಿದ್ದರೆ ನಿಲುವನ್ನೇ ಬದಲಿಸಲಿ, ಅದಕ್ಕೂ ಅಂಕ ಕೊಡಿ.

ನಗರ ಹೋಬಳಿಯ ಕನ್ನಡ ಶಿಕ್ಷಕಿ:

ಇದನ್ನು ಅವಳಿಗೇ ಓದಿ ಹೇಳಿದೆ. ಬೆಲೆಯ ಲೆಕ್ಕ ಯಾರನ್ನು ಕೇಳಲಿ ಎಂದು ಕೇಳುತ್ತಿದ್ದಾಳೆ. ಮಂಡಿಯ ಇವತ್ತಿನ ಧಾರಣೆ ಪತ್ರಿಕೆಯಲ್ಲಿ ಸಿಗುತ್ತದೆ, ಆದರೆ ಅವಳಿಗೆ ಬೇಕಾದದ್ದು ಹಲವು ವರ್ಷಗಳ ಆದಾಯ ಮತ್ತು ಖರ್ಚು, ಎರಡೂ.

ತೋಟದಮನೆ, ತೀರ್ಥಹಳ್ಳಿ:

ನಮ್ಮ ತಂದೆಯ ಕಾಲದಿಂದ ಬರೆದಿಟ್ಟ ತೋಟದ ಲೆಕ್ಕದ ಪುಸ್ತಕಗಳು ಮನೆಯಲ್ಲಿವೆ. ಗೊಬ್ಬರ, ಕೊಯ್ಲಿನ ಕೂಲಿ, ಸುಲಿಯುವ ಖರ್ಚು, ಮಂಡಿಗೆ ಹಾಕಿದ ತೂಕ, ಬಂದ ಹಣ, ಎಲ್ಲವೂ ವರ್ಷವಾರು ಇದೆ. ಗದ್ದೆಯ ಲೆಕ್ಕವೂ ಅದರಲ್ಲೇ ಇದೆ. ಮಕ್ಕಳನ್ನು ಕರೆದುಕೊಂಡು ಬನ್ನಿ ಮೇಡಂ, ನನ್ನ ಮಗಳೂ ಜೊತೆಗೆ ಕೂತು ತನ್ನ ಪ್ಯಾರಾವನ್ನು ಮತ್ತೆ ಬರೆಯಲಿ. ಕೊನೆಕೊಯ್ಲು ಮುಗಿದ ಮೇಲೆ ಬಂದರೆ ಪುಟ ಪುಟವಾಗಿ ವಿವರಿಸಲು ನನಗೂ ಪುರಸೊತ್ತು ಇರುತ್ತದೆ.